ಮತ್ತೆ ಮಗ್ಗ!

ಪುಟ್ಟೀ,

ರಜೆ ಮುಗಿಸಿ ಹೋಗುವಾಗ ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಬಿಟ್ಟು ಹೋದೆಯಲ್ಲ, ಗ್ರೀಕ್ ಕವಿ ಹೋಮರನ ಇಲಿಯಡ್ ಮತ್ತು ಒಡಿಸ್ಸಿ, ಎರಡನ್ನೂ ಓದಿ ಮುಗಿಸಿದೆ. ಒಂದೊಂದರಲ್ಲೂ 24 ಕಾಂಡ. ರಾತ್ರಿ ಊಟ ಆದಮೇಲೆ ಹತ್ತೋ ಹದಿನೈದೋ ಪುಟದಂತೆ ಎರಡು ತಿಂಗಳು ಹಿಡಿಯಿತು. ನಿಜ ಹೇಳಬೇಕೆಂದರೆ ಕಥೆಗಿಂತ ಜಾಸ್ತಿ ಓದಿದ್ದು ನೀನು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು.

ಒಡಿಸ್ಸಿಯ ಮೊದಲ ಕಾಂಡದಲ್ಲಿ ಒಂದು ಕಡೆ 'ಮತ್ತೆ ಮಗ್ಗ!' ಅಂತ ಬರೆದು ಇಲಿಯಡ್‌ನ 6ನೇ ಕಾಂಡ ನೋಡು ಅಂತ ಬಾಣ ಎಳೆದಿದ್ದೀಯ. ಹೋಗಿ ನೋಡಿದೆ. ಗ್ರೀಕರು ಮುತ್ತಿಗೆ ಹಾಕಿದ ಟ್ರಾಯ್ ಕೋಟೆಯ ಬಾಗಿಲಲ್ಲಿ ಆಂಡ್ರೊಮಕಿ ಗಂಡ ಹೆಕ್ಟರ್‌ನನ್ನು ತಡೆದು ನಿಲ್ಲಿಸುವ ಜಾಗ. ಅವಳ ಅಪ್ಪನನ್ನೂ ಏಳು ಜನ ಅಣ್ಣತಮ್ಮಂದಿರನ್ನೂ ಗ್ರೀಕ್ ವೀರ ಅಕಿಲೀಸ್ ಕೊಂದಿದ್ದಾನೆ. 'ನನಗೆ ಅಪ್ಪ, ಅಮ್ಮ, ಅಣ್ಣ, ಗಂಡ ಎಲ್ಲ ನೀನೇ' ಅಂತಾಳೆ. ಇದನ್ನು ಓದಿ ಕಣ್ಣು ಒದ್ದೆಯಾಗುವ ಭರದಲ್ಲಿ ಮುಂದಿನ ಮಾತು ತಪ್ಪಿಹೋಗುತ್ತದೆ. ಕಾಡು ಅಂಜೂರದ ಮರದ ಹತ್ತಿರ ಸೈನ್ಯ ನಿಲ್ಲಿಸು, ಅಲ್ಲಿ ಗೋಡೆ ಹತ್ತುವುದು ಸುಲಭ, ಮೂರು ಸಲ ಅವರು ಅಲ್ಲೇ ನುಗ್ಗಲು ನೋಡಿದ್ದಾರೆ ಅಂತ ಅವಳು ಲೆಕ್ಕ ಕೊಡುತ್ತಾಳೆ. ಗೋಡೆಯ ಮೇಲೆ ನಿಂತು ಗಮನಿಸಿದವಳ ಮಾತು ಅದು.

ಹೆಕ್ಟರ್ ಕೆಟ್ಟವನಲ್ಲ. ಶಿರಸ್ತ್ರಾಣದ ಜುಟ್ಟು ಕಂಡು ಮಗು ಹೆದರಿ ಅತ್ತಾಗ ನಕ್ಕು, ಅದನ್ನು ತೆಗೆದು ನೆಲದ ಮೇಲಿಟ್ಟು ಎತ್ತಿಕೊಳ್ಳುವವನು. ಹೆಂಡತಿಯ ಮೈ ಸವರಿ ಪ್ರೀತಿಯಿಂದಲೇ ಹೇಳುತ್ತಾನೆ: ಮನೆಗೆ ಹೋಗಿ ನಿನ್ನ ಕೆಲಸ ನೋಡಿಕೋ, ಮಗ್ಗ, ಕದಿರು. ಯುದ್ಧ ಗಂಡಸರ ವಿಷಯ.

ಒಡಿಸ್ಸಿಯಲ್ಲಿ ಮತ್ತೆ ಅದೇ ಸಾಲು. ಈ ಸಲ ಹೇಳುವವನು ಮಗ. ಟ್ರಾಯ್‌ನಿಂದ ವಾಪಸ್ಸು ಬಂದವರ ಪಾಡಿನ ಹಾಡು ಕೇಳಲಾಗದೆ, ಯುದ್ಧಕ್ಕೆ ಹೋಗಿ ಇನ್ನೂ ಬಾರದ ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪಿ ಕೆಳಗೆ ಬಂದು, ಬೇರೆ ಹಾಡು ಅಂತ ಗಾಯಕನನ್ನು ಕೇಳಿಕೊಳ್ಳುತ್ತಾಳೆ. ಮೀಸೆ ಚಿಗುರುತ್ತಿರುವ ಟೆಲಿಮಾಕಸ್ ಒಳಗೆ ಹೋಗಮ್ಮ ಅಂತಾನೆ. 'ಯುದ್ಧ' ಇದ್ದ ಜಾಗದಲ್ಲಿ 'ಮಾತು' ಬಂದಿದೆ, ಅಷ್ಟೇ: ಮಾತು ಗಂಡಸರ ವಿಷಯ. 21ನೇ ಕಾಂಡದಲ್ಲಿ ಅದೇ ಜಾಗಕ್ಕೆ 'ಬಿಲ್ಲು' ಬರುತ್ತದೆ. ಬಾಯಲ್ಲಿ ಹಾಡುತ್ತಿದ್ದ ಕಾವ್ಯ, ಅಚ್ಚು ಹಾಕಿಟ್ಟ ಸಾಲುಗಳು ಮತ್ತೆ ಮತ್ತೆ ಬರುತ್ತವೆ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಇರಬಹುದು. ಆದರೂ ಈ ಅಚ್ಚು ಎಷ್ಟು ಚೆನ್ನಾಗಿ ಕೂರುತ್ತದೆ ನೋಡು.

ಹೋದ ವರ್ಷ ಮನೆ ಪಾಲಿನ ಮಾತಿಗೆ ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಬಂದಿದ್ದರು. 'ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ' ಅಂದಳು ನಿನ್ನಮ್ಮ. 'ನೀನು ಕಾಫಿ ನೋಡು ಹೋಗು' ಅಂದೆ ನಾನು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು. ಆರು ತಿಂಗಳು ಅಲೆದೆವು.

ಆದರೆ ಪೆನೆಲೊಪಿ ಪಕ್ಕ 'ಅಳೋದು ಬಿಟ್ಟು ಬೇರೆ ಕೆಲಸ ಇಲ್ವಾ?' ಅಂತ ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವಳನ್ನು ಮದುವೆಯಾಗಬೇಕು ಅಂತ ಮನೆಯಲ್ಲಿ 108 ಗಂಡಸರು ತಿಂದು ಕುಡಿದು ಬಿದ್ದಿದ್ದಾರೆ. ಮಾವನ ಶವಕ್ಕೆ ಹೊದಿಸುವ ಬಟ್ಟೆ ನೇಯ್ದು ಮುಗಿಯಲಿ, ಆಮೇಲೆ ಮದುವೆ ಅಂತಾಳೆ. ಹಗಲು ನೇಯುತ್ತಾಳೆ, ರಾತ್ರಿ ದೀಪದ ಬೆಳಕಲ್ಲಿ ಬಿಚ್ಚುತ್ತಾಳೆ. ಮೂರು ವರ್ಷ ಹೀಗೇ ನಡೆಯುತ್ತದೆ. ನಿನ್ನಜ್ಜಿ ಮಗ್ಗದ ಮನೆಯಲ್ಲಿ ಬೆಳೆದವರು, ಕಂಡಿಕೆ ಸುತ್ತಿ ಸುತ್ತಿ ಬೆರಳು ಗಟ್ಟಿಯಾಗಿತ್ತು. ನೇಯುವುದಕ್ಕಿಂತ ಬಿಚ್ಚುವುದು ಕಷ್ಟ, ಎಳೆ ಹರಿದರೆ ಕೆಟ್ಟಿತು ಅನ್ನುತ್ತಿದ್ದರು. ಅದೂ ಗ್ರೀಕರ ಮಗ್ಗ ಕೂತು ನೇಯುವಂಥದ್ದಲ್ಲ. ನೆಟ್ಟಗೆ ನಿಂತಿರುತ್ತದೆ, ಹಾಸಿನ ಎಳೆಗಳ ತುದಿಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಟ್ಟಿರುತ್ತಾರೆ, ಅದರ ಮುಂದೆ ಆಚೆಗೀಚೆಗೆ ಓಡಾಡುತ್ತ ನೇಯಬೇಕು. ಒಳಗೆ ಹೋಗಿ ಮಗ್ಗ ನೋಡು ಅಂದವರಿಗೆ ಆ ಮಗ್ಗದಲ್ಲಿ ಏನು ನಡೆಯುತ್ತಿದೆ ಅಂತಲೇ ಗೊತ್ತಿರಲಿಲ್ಲ. ಹೆಲೆನ್ ಕೂಡ ಹಾಗೆಯೇ. ಇಲಿಯಡ್‌ನಲ್ಲಿ ಅವಳು ಮೊದಲು ಕಾಣಿಸಿಕೊಂಡಾಗ ತನಗಾಗಿ ನಡೆಯುತ್ತಿರುವ ಯುದ್ಧವನ್ನೇ ಬಟ್ಟೆಯಲ್ಲಿ ನೇಯುತ್ತಿರುತ್ತಾಳೆ.

ಮಂಚದ ಪ್ರಸಂಗವಂತೂ ನನಗೆ ತುಂಬ ಇಷ್ಟವಾಯಿತು. ಇಪ್ಪತ್ತು ವರ್ಷದ ಮೇಲೆ ಗಂಡ ಬಂದು ಎದುರು ಕೂತಿದ್ದರೂ ಪೆನೆಲೊಪಿ ಕರಗುವುದಿಲ್ಲ. 'ಇವರ ಮಂಚ ಎತ್ತಿ ಹೊರಗೆ ಹಾಕು' ಅಂತ ಮನೆಯ ಮುದುಕಿ ದಾಸಿ ಯೂರಿಕ್ಲಿಯಾಗೆ ಹೇಳುತ್ತಾಳೆ. ಒಡಿಸ್ಯೂಸ್‌ಗೆ ಸಿಟ್ಟು ನೆತ್ತಿಗೇರುತ್ತದೆ. ಬೇರು ಬಿಟ್ಟ ಆಲಿವ್ ಮರದ ಬುಡವನ್ನೇ ಕಾಲು ಮಾಡಿ ಅವನೇ ಕಟ್ಟಿದ ಮಂಚ ಅದು, ಯಾರು ಕದಲಿಸಿದರು? ಸಿಕ್ಕಿಬಿದ್ದ. ಊರಿಗೆಲ್ಲ ಟೋಪಿ ಹಾಕಿದವನಿಗೆ ಹೆಂಡತಿ ಟೋಪಿ ಹಾಕಿದಳು!

ಅದಕ್ಕೂ ಸ್ವಲ್ಪ ಮುಂಚಿನ ಪುಟದಲ್ಲಿ ನೀನು ಏನೂ ಬರೆದಿಲ್ಲ. ಅಂಚಿನಲ್ಲಿ ಒಂದು ಗೆರೆ ಮಾತ್ರ, ಹಾಳೆ ಹರಿಯುವಷ್ಟು ಒತ್ತಿ ಎಳೆದಿದ್ದೀಯ. ಆ ಹನ್ನೆರಡು ಆಳು ಹೆಣ್ಣುಗಳು. ಮನೆಯಲ್ಲಿದ್ದ ಐವತ್ತರಲ್ಲಿ ಇವರು ಆ ಗಂಡಸರ ಜೊತೆ ಮಲಗಿದವರು ಅಂತ ಯೂರಿಕ್ಲಿಯಾ ತೋರಿಸಿಕೊಡುತ್ತಾಳೆ. ನಮ್ಮ ಆಳು ಹೆಂಗಸರನ್ನು ಬಲವಂತ ಮಾಡಿದಿರಿ ಅಂತ ಅದೇ ಕಾಂಡದ ಶುರುವಿನಲ್ಲಿ ಒಡಿಸ್ಯೂಸ್ ಆ ಗಂಡಸರನ್ನು ಬೈದು ಕೊಂದಿರುತ್ತಾನೆ. ಆದರೂ ಇವರ ಕೈಯಲ್ಲೇ ಆ ಗಂಡಸರ ಹೆಣ ಹೊರಿಸಿ, ಮೇಜು ಕುರ್ಚಿ ತೊಳೆಸಿ, ಆಮೇಲೆ ಹಡಗಿನ ಹಗ್ಗದಲ್ಲಿ ಸಾಲಾಗಿ ನೇತು ಹಾಕುತ್ತಾರೆ. ಕತ್ತಿಯಲ್ಲಿ ಕೊಲ್ಲಿ ಅಂದಿದ್ದ ಒಡಿಸ್ಯೂಸ್. ಅಷ್ಟು ಒಳ್ಳೆ ಸಾವು ಇವರಿಗೆ ಬೇಡ ಅಂತ ಹಗ್ಗ ತಂದವನು ಟೆಲಿಮಾಕಸ್, ಅಮ್ಮನಿಗೆ ಒಳಗೆ ಹೋಗು ಅಂದ ಅದೇ ಹುಡುಗ. ಕವಿ ಅವರನ್ನು ಬಲೆಗೆ ಬಿದ್ದ ಪಾರಿವಾಳಗಳಿಗೆ ಹೋಲಿಸುತ್ತಾನೆ. ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಜಾಸ್ತಿ ಹೊತ್ತಲ್ಲ, ಅಂತಾನೆ. ಒದ್ದಾಡಿದ ಕಾಲನ್ನು ನೋಡಿದವನು ಇನ್ನೂ ಒಂದು ಮಾತು ಹೇಳಬಹುದಿತ್ತು ಅನ್ನಿಸಿತು. ಹೇಳುವುದಿಲ್ಲ. ಇಲಿಯಡ್‌ನಲ್ಲೂ ಕುಸ್ತಿಯ ಬಹುಮಾನದಲ್ಲಿ ಗೆದ್ದವನಿಗೆ 12 ಎತ್ತಿನ ಬೆಲೆಯ ಮುಕ್ಕಾಲಿ ಪಾತ್ರೆ, ಸೋತವನಿಗೆ ಕೈಕೆಲಸ ಬಲ್ಲ ಹೆಂಗಸು, ಬೆಲೆ 4 ಎತ್ತು. ಕವಿ ಅದನ್ನೂ ಸುಮ್ನೆ ಲೆಕ್ಕ ಬರೆದ ಹಾಗೆ ಹೇಳಿ ಮುಂದೆ ಹೋಗುತ್ತಾನೆ.

ಆದರೆ ಅಕಿಲೀಸ್‌ನ ಸೆರೆಯಾಳು ಬ್ರಿಸೇಯಿಸ್ ಅಳುವ ಜಾಗ ಮತ್ತೊಮ್ಮೆ ಓದು, ಇಲಿಯಡ್‌ನ 19ನೇ ಕಾಂಡ. ಅವಳಿಗಾಗಿಯೇ ಅಕಿಲೀಸ್‌ಗೂ ರಾಜ ಅಗಮೆಮ್ನಾನ್‌ಗೂ ಅಷ್ಟು ದೊಡ್ಡ ಜಗಳ, ಅವಳು ಬಾಯಿ ಬಿಡುವುದು ಅಲ್ಲಿ ಒಂದೇ ಸಲ. ಸುತ್ತ ಇದ್ದ ಸೆರೆಯ ಹೆಂಗಸರೂ ಅಳುತ್ತಾರೆ. ನೆಪ ಅಕಿಲೀಸ್‌ನ ಗೆಳೆಯ ಪ್ಯಾಟ್ರೋಕ್ಲಸ್‌ನ ಸಾವು, ಅತ್ತದ್ದು ಅವರವರ ದುಃಖಕ್ಕೆ, ಅಂತಾನೆ ಕವಿ. ಸಾವಿನ ಮನೆಯಲ್ಲಿ ನಮ್ಮ ಅತ್ತೆಯರು, ಚಿಕ್ಕಮ್ಮಂದಿರು ಅಳುವುದನ್ನು ನೋಡಿದ್ದೀನಿ, ಇದು ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ಆಂಡ್ರೊಮಕಿಯ ಭಾಗವನ್ನು ನಿನ್ನಮ್ಮನಿಗೆ ಕನ್ನಡದಲ್ಲಿ ಹೇಳಿದೆ. 'ಆಮೇಲೆ ಆ ಅಂಜೂರದ ಮರದ ಹತ್ತಿರ ಸೈನ್ಯ ನಿಲ್ಲಿಸಿದನಾ?' ಅಂದಳು. ಇಲ್ಲ, ಹಿಂದೆ ನಿಂತರೆ ಊರ ಜನ ಏನಂತಾರೆ ಅಂದ, ಅಂದೆ. 'ಗೊತ್ತಿತ್ತು' ಅಂತ ಹೇಳಿ ಲೈಟ್ ಆರಿಸಿದಳು.

ಪುಸ್ತಕ ಕೊರಿಯರ್ ಮಾಡಲಾ, ಬಂದಾಗ ತಗೊಂಡು ಹೋಗ್ತೀಯಾ?

ಅಪ್ಪ