ಕೆಂಪು ಪೆನ್ನು ಮನೆಯಲ್ಲೇ ಇರಲಿ

ಚಿ. ಮಗನಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಸೊಸೆ ಶಾಲೆಯಿಂದ ರಜೆ ಹಾಕಿ ಕೆನಡಾದ ರಾಜಧಾನಿ ಒಟ್ಟಾವಾದ ಪಾರ್ಲಿಮೆಂಟಿಗೆ ನಿಲ್ಲಬೇಕೆಂದಿದ್ದಾಳೆ, ಹಣದ ಲೆಕ್ಕ ನೀನೇ ನೋಡಿಕೊಳ್ಳುತ್ತೀ ಎಂದು ಬರೆದಿದ್ದೀಯ. ಸಂತೋಷ. ಅವಳ ಜನಕ್ಕೆ ಇದು ಹೊಸದಲ್ಲ. 1755ರಲ್ಲಿ ಬ್ರಿಟಿಷರು ಊರುಬಿಡಿಸಿದ ಅಕೇಡಿಯನ್ನರಿಗೆ, ಅಂದರೆ ಆ ಕರಾವಳಿಯ ಫ್ರೆಂಚ್ ಮಾತಿನ ಜನಕ್ಕೆ, ಶಾಲೆಯೇ ರಾಜಕೀಯದ ಬಾಗಿಲು. ಚರ್ಚ್ ಶಾಲೆಗಳಿಗೆ ಸರ್ಕಾರದ ಹಣ ನಿಲ್ಲಿಸಿದ 1871ರ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಶಾಲಾ ಕಾನೂನಿನ ಜಗಳ ಒಟ್ಟಾವಾದವರೆಗೂ ಹೋಯಿತು. 1875ರ ಜನವರಿಯಲ್ಲಿ ಅದೇ ಜಗಳಕ್ಕೆ ಕ್ಯಾರಕೆಟ್‌ನಲ್ಲಿ ಇಬ್ಬರ ಹೆಣ ಬಿತ್ತು.

ರೊಮೆಯೊ ಲೆಬ್ಲಾಂಕ್ ದಾರಿಯನ್ನು ಒಮ್ಮೆ ನೋಡಿಕೊಳ್ಳಿ. ನೀನು ವಿಮಾನ ಇಳಿಯುವ ಮಾಂಕ್ಟನ್ ನಿಲ್ದಾಣಕ್ಕೆ ಇರುವುದು ಅವರದೇ ಹೆಸರು. ಮೆಮ್ರಾಮ್‌ಕುಕ್ ಹುಡುಗ. 1951ರಿಂದ ಎರಡು ವರ್ಷ ಡ್ರಮಂಡ್‌ನ ಹೈಸ್ಕೂಲಿನಲ್ಲಿ, 1955ರಿಂದ 59ರವರೆಗೆ ಪ್ರಾಂತ್ಯದ ರಾಜಧಾನಿ ಫ್ರೆಡರಿಕ್ಟನ್‌ನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳಿದವರು. ಅಲ್ಲಿಂದ ನೇರ ಪಾರ್ಲಿಮೆಂಟಿಗೆ ಹಾರಲಿಲ್ಲ. ರೇಡಿಯೊ-ಕೆನಡಾಕ್ಕೆ ವರದಿಗಾರರಾಗಿ ಒಟ್ಟಾವಾ, ಲಂಡನ್, ವಾಷಿಂಗ್ಟನ್ ಸುತ್ತಿದರು. ಪಿಯರ್ಸನ್‌ಗೂ ಟ್ರೂಡೊಗೂ (ಅಪ್ಪ ಟ್ರೂಡೊ), ಇಬ್ಬರು ಪ್ರಧಾನಿಗಳಿಗೂ ಪತ್ರಿಕಾ ಕಾರ್ಯದರ್ಶಿಯಾಗಿದ್ದರು. 1971ರಲ್ಲಿ ಊರಿಗೆ ಮರಳಿ ಮಾಂಕ್ಟನ್ ವಿಶ್ವವಿದ್ಯಾಲಯ ಸೇರಿದರು, ಮರುವರ್ಷ ವೆಸ್ಟ್‌ಮರ್ಲೆಂಡ್–ಕೆಂಟ್‌ನಿಂದ ಗೆದ್ದರು. ಚುನಾವಣೆಗೆ ಮೊದಲು ಊರಿಗೆ ಬಂದು ನೆಲೆಸಿದ್ದನ್ನು ನಾನು ದೊಡ್ಡದೆನ್ನುತ್ತೇನೆ. ಆಮೇಲೆ ಹೆಸರು ಬಂದದ್ದು ಶಿಕ್ಷಣದಿಂದಲ್ಲ, ಮೀನಿನಿಂದ. 1977ರ ಜನವರಿ 1ರಂದು ಕೆನಡಾ ತನ್ನ ಮೀನುಗಾರಿಕೆ ಗಡಿಯನ್ನು 200 ಮೈಲಿಗೆ ಚಾಚಿದಾಗ ಆ ಖಾತೆ ಅವರ ಕೈಯಲ್ಲಿತ್ತು. 1995ರಲ್ಲಿ ಗವರ್ನರ್ ಜನರಲ್ (ಕೆನಡಾದಲ್ಲಿ ರಾಣಿಯ ಪ್ರತಿನಿಧಿ) ಆದರು, ಅಕೇಡಿಯನ್ನರಲ್ಲಿ ಮೊದಲಿಗರು.

ಮೇಷ್ಟ್ರುಗಳು ಎಡವುವುದು ಇಲ್ಲೇ. ಶಾಲೆ ಪ್ರಾಂತ್ಯದ ವಿಷಯ. 1867ರ ಸಂವಿಧಾನದ 93ನೇ ಕಲಮೇ ಹಾಗಿದೆ. ಹೊಸ ಶಾಲಾ ಕಟ್ಟಡ, ತರಗತಿಯ ಮಕ್ಕಳ ಸಂಖ್ಯೆ, ಇವಕ್ಕೆಲ್ಲ ಎಂಪಿ ಮಾತು ಕೊಟ್ಟರೆ ನಾಳೆ ಫ್ರೆಡರಿಕ್ಟನ್ ಕಡೆ ಕೈ ತೋರಿಸಬೇಕಾಗುತ್ತದೆ. ಅವಳಿಗೆ ಭಾಷೆಯ ವಿಷಯ ಸಲೀಸು: ಹಕ್ಕುಗಳ ಚಾರ್ಟರ್‌ನಲ್ಲಿ ಅಲ್ಪಸಂಖ್ಯಾತ ಭಾಷೆಯ ಶಾಲೆಯ ಹಕ್ಕು ಕೊಡುವ 23ನೇ ಕಲಮು, ಪ್ರಾಂತ್ಯದ ಇಂಗ್ಲಿಷ್, ಫ್ರೆಂಚ್ ಸಮುದಾಯಗಳನ್ನು ಸಮವೆನ್ನುವ, 1993ರಲ್ಲಿ ಸೇರಿದ 16.1, 2023ರಲ್ಲಿ ತಿದ್ದಿದ ಅಧಿಕೃತ ಭಾಷಾ ಕಾಯ್ದೆ. ಆದರೆ ಕರಾವಳಿಯ ಮನೆ ಬಾಗಿಲಲ್ಲಿ ಕೇಳುವುದು ದೋಣಿಕಟ್ಟೆಯ ರಿಪೇರಿ, ನಳ್ಳಿಯ ಸೀಸನ್ನು, ಮೀನಿನ ಕಾರ್ಖಾನೆ ಮುಚ್ಚಿದ ಮೇಲಿನ ನಿರುದ್ಯೋಗ ವಿಮೆ. ವಿಮೆ ಮುಗಿದು ಮುಂದಿನ ಸೀಸನ್ ಶುರುವಾಗುವ ತನಕ ಕೈಯಲ್ಲಿ ಕಾಸಿಲ್ಲದ ವಾರಗಳಿವೆಯಲ್ಲ, ಅದನ್ನವರು ‘ಕಪ್ಪು ರಂಧ್ರ’ ಎನ್ನುತ್ತಾರೆ. ಆ ಲೆಕ್ಕ ಅವಳಿಗೆ ಬಾಯಿಪಾಠವಾಗಿರಲಿ.

ರಜೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಭ್ಯರ್ಥಿಗೆ ರಜೆ ಕೊಡಲೇಬೇಕು ಎಂದು ಚುನಾವಣಾ ಕಾಯ್ದೆ ಹೇಳುವುದು ಫೆಡರಲ್ (ಕೇಂದ್ರದ) ಕಾರ್ಮಿಕ ಕಾನೂನಿಗೆ ಒಳಪಟ್ಟವರಿಗೆ. ಬ್ಯಾಂಕು, ವಿಮಾನ, ರೈಲು ಇಂಥವು. ಪ್ರಾಂತ್ಯದ ಶಾಲಾ ಶಿಕ್ಷಕಿಗೆ ಅದು ಅನ್ವಯಿಸದು. ಅವಳ ಸಂಘದ ಒಪ್ಪಂದ ಏನೆನ್ನುತ್ತದೆ ಎಂದು ಓದಿ, ಪಿಂಚಣಿ ಕಂತಿನ ಗತಿಯನ್ನೂ ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ.

ಪಕ್ಷದೊಳಗಿನ ಟಿಕೆಟ್ ಸ್ಪರ್ಧೆ ಗೆಲ್ಲುವುದು ಭಾಷಣದಿಂದಲ್ಲ, ಸದಸ್ಯರ ಪಟ್ಟಿಯಿಂದ. ಪಟ್ಟಿ ಯಾವ ದಿನ ಮುಚ್ಚುತ್ತದೆ ಎಂದು ಮೊದಲು ಕೇಳು. ಆ ದಿನ ದಾಟಿದ ಮೇಲೆ ಸೇರಿದ ನೂರು ಜನರಿಂದ ಪ್ರಯೋಜನವಿಲ್ಲ.

ಟಿಕೆಟ್ ಸಿಕ್ಕ ಮೇಲೆ ನಾಮಪತ್ರಕ್ಕೆ ಆ ಕ್ಷೇತ್ರದ 100 ಮತದಾರರ ಸಹಿ ಬೇಕು. ಸಲ್ಲಿಸಲು ಕೊನೆಯ ಗಳಿಗೆ ಮತದಾನಕ್ಕೆ 21 ದಿನ ಮುಂಚಿನ ಸೋಮವಾರ ಮಧ್ಯಾಹ್ನ 2 ಗಂಟೆ. ಹಿಂದಿದ್ದ 1,000 ಡಾಲರ್ ಠೇವಣಿ ಈಗಿಲ್ಲ. ಸಹಿ ಮಾತ್ರ 100ಕ್ಕೇ ನಿಲ್ಲಿಸಬೇಡ, 150 ಮಾಡಿಸು. ಗಡಿಗಳು ಬದಲಾಗಿವೆ, ರಸ್ತೆಯ ಆಚೆ ಬದಿಯವನು ಬೇರೆ ಕ್ಷೇತ್ರದವನಿರಬಹುದು. ಅಲ್ಲದೆ ಆ ಕಡೆ ಲೆಬ್ಲಾಂಕ್, ಕಾರ್ಮಿಯೆ, ಗ್ಯಾಲಂಟ್ ಹೆಸರಿನವರು ನಮ್ಮಲ್ಲಿ ಮಂಜುನಾಥರಿದ್ದ ಹಾಗೆ, ಬೀದಿಗೆ ಹತ್ತು. ಹಾಳೆಯಲ್ಲಿ ವಿಳಾಸ ಪೂರ್ತಿ, ಅಚ್ಚಕ್ಷರದಲ್ಲಿ ಬರೆಸು, ‘ಜೆ. ಲೆಬ್ಲಾಂಕ್’ ಎಂದಷ್ಟೇ ಇದ್ದರೆ ಯಾರೆಂದು ಹುಡುಕುವುದು? ನಮ್ಮ ಕನ್ನಡದ ಹುಡುಗರಲ್ಲಿ ಸ್ಟೂಡೆಂಟ್ ವೀಸಾದವರೂ ಪಿಆರ್‌ನವರೂ (ಪ್ರಜೆಗಳಲ್ಲದ ಕಾಯಂ ನಿವಾಸಿಗಳು) ಸಹಿ ಹಾಕುವಂತಿಲ್ಲ, ಮತವೂ ಇಲ್ಲ. ಬಾಗಿಲು ಬಡಿಯಲು ಬರಬಹುದು.

ಈಗ ನಿನ್ನ ಕೆಲಸ. ಪ್ರಚಾರದ ಹಣಕ್ಕೆ ಹೊಣೆಯಾಗುವ ಅಫಿಷಿಯಲ್ ಏಜೆಂಟ್ ನೇಮಕವಾಗುವ ಮೊದಲು ಒಂದು ಡಾಲರ್ ಪಡೆಯಬಾರದು, ಒಂದು ಡಾಲರ್ ಖರ್ಚಾಗಬಾರದು. ನನ್ನನ್ನು ಕೇಳಿದರೆ ಗಂಡನೇ ಏಜೆಂಟ್ ಆಗುವುದು ಬೇಡ. ‘ಇದಕ್ಕೆ ದುಡ್ಡಿಲ್ಲ’ ಎಂದು ಅಭ್ಯರ್ಥಿಗೆ ಮುಖ ಮುರಿದು ಹೇಳುವವರು ಆ ಕುರ್ಚಿಯಲ್ಲಿರಬೇಕು, ಮನೆಯಲ್ಲಿ ಅದು ಎರಡು ದಿನ ನಡೆಯದು. ಹಟ ಹಿಡಿದರೆ ಇಷ್ಟು ನೆನಪಿಡು: ಪ್ರಚಾರಕ್ಕೇ ಬೇರೆ ಬ್ಯಾಂಕ್ ಖಾತೆ, ಬೇರೊಬ್ಬ ಆಡಿಟರ್. ದೇಣಿಗೆ ಕೊಡಬಹುದಾದವರು ಕೆನಡಾ ಪ್ರಜೆಗಳು ಮತ್ತು ಪಿಆರ್‌ನವರು, ಅಷ್ಟೇ. ಕಂಪನಿ, ಯೂನಿಯನ್ ಕೊಡುವಂತಿಲ್ಲ. ಮೈಸೂರಿನಿಂದ ನಿಮ್ಮ ಅಪ್ಪ ಪ್ರೀತಿಯಿಂದ ಕಳಿಸುತ್ತೇನೆಂದರೂ ಬೇಡ ಅನ್ನು. ಒಬ್ಬರ ಮಿತಿ 2025ರಲ್ಲಿ 1,750 ಡಾಲರ್ ಇತ್ತು, ಪ್ರತಿ ಜನವರಿಗೆ 25 ಏರುತ್ತದೆ. ನಗದು 20 ಡಾಲರ್ ಮೀರುವಂತಿಲ್ಲ. 400 ಕೊಟ್ಟವರಿಗೆ ತೆರಿಗೆಯಲ್ಲಿ 300 ವಾಪಸ್ ಬರುತ್ತದೆ, ಕೇಳುವಾಗ ಇದನ್ನು ಹೇಳು.

ಊಟದ ವಿಷಯ ಹುಷಾರು. ನೆರೆಯವಳು ಮನೆಯಲ್ಲಿ ಒಂದು ಪಾತ್ರೆ ಚಿತ್ರಾನ್ನ ಕಲಸಿ ತಂದರೆ ತಕರಾರಿಲ್ಲ. ಅದನ್ನೇ ಹೋಟೆಲ್ ಇಟ್ಟಿರುವ ಗೆಳೆಯ ತನ್ನ ಅಂಗಡಿಯಿಂದ ಪುಕ್ಕಟೆ ಕಳಿಸಿದರೆ ಅದು ವ್ಯಾಪಾರದ ದೇಣಿಗೆ. ಬಿಲ್ ಹಾಕಿಸಿ ಪ್ರಚಾರದ ಖಾತೆಯಿಂದ ಚೆಕ್ ಕೊಡು. ಶೇ. 10ರಷ್ಟು ಮತ ಬಂದರೆ ಖರ್ಚಿನ ಶೇ. 60 ಸರ್ಕಾರದಿಂದ ಮರಳುತ್ತದೆ, ಆದರೆ ನಾಲ್ಕು ತಿಂಗಳೊಳಗೆ ಆಡಿಟ್ ಆದ ಲೆಕ್ಕ ಒಪ್ಪಿಸಬೇಕು. ಸೋತ ಮನೆಯಲ್ಲಿ ಬಿಲ್ಲು ಹುಡುಕುವ ಉತ್ಸಾಹ ಯಾರಿಗೂ ಇರುವುದಿಲ್ಲ, ಅದಕ್ಕೇ ದಿನದಿನದ್ದು ಅಂದೇ ಫೈಲಿಗೆ ಹಾಕು.

ಸೊಸೆಗೆ ಹೇಳಬೇಕಾದ್ದೊಂದಿದೆ, ನಾನು ಹೇಳಿದೆ ಅನ್ನಬೇಡ. ಮಾಂಕ್ಟನ್ ಕಡೆಯ ಹುಡುಗರು ಆಡುವುದು ಶಿಯಾಕ್, ಇಂಗ್ಲಿಷ್ ಬೆರೆತ ಫ್ರೆಂಚ್. ನಾವು ‘ಕಾರ್ ಪಾರ್ಕ್ ಮಾಡ್ದೆ’ ಅಂದ ಹಾಗೆ ಅವರೂ ಇಂಗ್ಲಿಷ್ ‘ಪಾರ್ಕ್’ಗೆ ಫ್ರೆಂಚ್ ಬಾಲ ಅಂಟಿಸಿ ‘ಪಾರ್ಕೆ’ ಎನ್ನುತ್ತಾರೆ. ತರಗತಿಯಲ್ಲಿ ಅದಕ್ಕೆ ಕೆಂಪು ಗೆರೆ ಎಳೆದು ಅವಳಿಗೆ ಅಭ್ಯಾಸ. ಬಾಗಿಲಲ್ಲಿ ನಿಂತವನ ವ್ಯಾಕರಣ ತಿದ್ದಿದರೆ, ಹುಬ್ಬು ಏರಿಸಿದರೂ ಸಾಕು, ಆ ಮನೆಯ ನಾಲ್ಕು ಓಟು ಹೋದವು. ಆಗಸ್ಟ್ 15ರ ಅಕೇಡಿಯನ್ ಹಬ್ಬದ ತೆಂತಮಾರ್ ಮೆರವಣಿಗೆಗೆ ತಟ್ಟೆ ಬಡಿಯುತ್ತ ಎಲ್ಲರ ಜೊತೆ ಹೋಗಲಿ, ಪಕ್ಷದ ಟೀ ಶರ್ಟ್ ಹಾಕಿಕೊಂಡಲ್ಲ.

ಸದಸ್ಯರ ಪಟ್ಟಿ ಮುಚ್ಚುವ ದಿನ ಗೊತ್ತಾದ ಕೂಡಲೇ ಫೋನ್ ಮಾಡು. ಸೊಸೆಗೆ ಆಶೀರ್ವಾದ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ