ಕ್ಲಚ್, ಫ್ಲೈವೀಲ್ ಬದಲಿಸುವ ಮುಂಚೆ ಓದಿ

ಗೆಳೆಯರೇ, ಕ್ಲಚ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಈ ಸೂಚನೆ.

ಮೊದಲು ಇಂಜಿನ್ ಟಾರ್ಕ್ (ತಿರುಗಿಸುವ ಬಲ) ಎಷ್ಟು ಅಂತ ನೋಡಿಕೊಳ್ಳಿ. ಇಂಜಿನ್‌ನ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಕ್ಲಚ್ ಜಾರದೆ ತಡೆದುಕೊಳ್ಳಬೇಕಾದದ್ದು ಟಾರ್ಕನ್ನು, ಹಾರ್ಸ್‌ಪವರ್ ಅನ್ನಲ್ಲ. ಇಂಜಿನ್ ಟಾರ್ಕ್‌ಗಿಂತ ಸ್ವಲ್ಪ ಜಾಸ್ತಿ ತಡೆದುಕೊಳ್ಳುವ ಕ್ಲಚ್ ಸಾಕು. ದಿನವೂ ಓಡಿಸುವ ಕಾರಿಗೆ ಆರ್ಗ್ಯಾನಿಕ್ ಡಿಸ್ಕ್ (ನಾರು, ರಾಳ ಬೆರೆಸಿ ಮಾಡಿದ ಕ್ಲಚ್ ಪ್ಲೇಟ್), ಅದರ ನಡುವೆ ಸ್ಪ್ರಿಂಗ್ ಇರುವ ಹಬ್, ಇದೇ ಸರಿ. ಸೆರಾಮಿಕ್ ಡಿಸ್ಕ್ ಬಿಸಿ ಚೆನ್ನಾಗಿ ತಡೆಯುತ್ತದೆ ನಿಜ. ಆದರೆ ಟ್ರಾಫಿಕ್‌ನಲ್ಲಿ ಪೆಡಲ್ ಬಿಡುತ್ತಿದ್ದಂತೆ ಕಾರು ಗಡಗಡ ನಡುಗಿ ಮುಂದೆ ಜಿಗಿಯುತ್ತದೆ. ಸುಮ್ನೆ ಯಾಕೆ ಆ ಕಷ್ಟ?

ಇನ್ನು ಫ್ಲೈವೀಲ್, ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರ. ಹಗುರವಾದದ್ದು ಹಾಕಿದರೆ ಇಂಜಿನ್ ತಿರುಗುವ ವೇಗ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಟಾರ್ಕ್ ಹೆಚ್ಚುವುದಿಲ್ಲ. ಏರಿನಲ್ಲಿ ಹೊರಡುವಾಗ ಇಂಜಿನ್ ಆಫ್ ಆಗುವುದು ಜಾಸ್ತಿ. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ಭಾಗ, ನಡುವೆ ಸ್ಪ್ರಿಂಗ್) ತೆಗೆದು ಸಿಂಗಲ್ ಮಾಸ್ (ಒಂದೇ ಗಟ್ಟಿ ಚಕ್ರ) ಹಾಕಿದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನಬಹುದು. ಕ್ಲಚ್ ಒತ್ತಿದಾಗ ಆ ಸದ್ದು ನಿಂತರೆ ಗಾಬರಿ ಬೇಡ.

ಗೇರ್‌ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಹೊಸದು ಹಾಕಿಸಿ, ಕ್ರ್ಯಾಂಕ್‌ನ (ಇಂಜಿನ್‌ನ ಮುಖ್ಯ ಶಾಫ್ಟ್‌ನ) ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ಅಂತ ನೋಡಿಸಿ. ಡಿಸ್ಕ್‌ಗೆ ಎಣ್ಣೆ ತಾಗಿದರೆ ಹೊಸ ಕ್ಲಚ್ಚೂ ಹಾಳು.

ಆಮೇಲೆ ಹೊಸ ಡಿಸ್ಕ್ ಹೊಂದಿಕೊಳ್ಳಲು ಮೊದಲ 800 ಕಿ.ಮೀ. ಮೆಲ್ಲಗೆ ಓಡಿಸಿ. ಪದೇ ಪದೇ ನಿಂತು ಹೊರಡುವ ಓಡಾಟವೇ ಆಗಬೇಕು. ಹೈವೇಯಲ್ಲಿ ಕ್ಲಚ್ ಒತ್ತುವುದೇ ಅಪರೂಪ, ಅಲ್ವಾ? ಆ ಕಿಲೋಮೀಟರ್ ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ ಹಾಕುವಾಗ ಕಾರಿನ ಮಾಡೆಲ್, ಟಾರ್ಕ್, ಈಗಿರುವ ಫ್ಲೈವೀಲ್ ಯಾವುದು ಅಂತ ಬರೆಯಿರಿ.