ಫ್ಲೆಕ್ಸಿನಲ್ಲಿ ಫೋಟೋ ಇಲ್ಲದವರಿಗೆ

ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ಮೇಲೆ ಓಡಾಡುತ್ತ ಒಂದು ಮಳೆಗಾಲ ಪೂರಾ ಕಳೆದೆವು. 2025ರ ಜುಲೈ 14ರಂದು ನಿತಿನ್ ಗಡ್ಕರಿಯವರು ಉದ್ಘಾಟಿಸಿ ಹೋದ ಮೇಲೆ ನಮ್ಮ ಕಡೆ ಧನ್ಯವಾದದ ಫ್ಲೆಕ್ಸುಗಳಿಗೇನೂ ಬರ ಬಂದಿಲ್ಲ. ಮೇಲೆ ಮಂತ್ರಿಗಳು, ಮಾಜಿ ಮುಖ್ಯಮಂತ್ರಿಗಳು, ಸಂಸದರು, ಶಾಸಕರು. ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ನಮ್ಮೂರ ಮರಿ ಪುಢಾರಿಗಳು. ಅವರೆಲ್ಲರಿಗೂ ನನ್ನದೂ ಒಂದು ನಮಸ್ಕಾರ. 2.44 ಕಿಲೋಮೀಟರ್ ಉದ್ದದ, 470 ಕೋಟಿಗೂ ಮಿಕ್ಕಿ ಖರ್ಚಾದ ಸೇತುವೆ ಯಾರೂ ಸಹಿ ಹಾಕದೆ ಎದ್ದು ನಿಲ್ಲುವುದಿಲ್ಲ. ಸಮಾರಂಭಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು, ಸೇತುವೆಗೆ ಯಾರ ಹೆಸರಿಡಬೇಕು ಅನ್ನುವ ಜಗಳವೂ ಆಗಿ ಹಳತಾಯಿತು. ಆದರೆ ನಮ್ಮ ಮನೆಯವರು ಇಷ್ಟು ವರ್ಷ ಹೊಳೆಯಾಚೆ ಬದುಕಿ ಉಳಿದದ್ದು ಯಾರ ದೆಸೆಯಿಂದ ಅಂತ ಲೆಕ್ಕ ಹಾಕಲು ಕೂತರೆ, ಆ ಫ್ಲೆಕ್ಸಿನ ಒಂದು ಮುಖವೂ ಲೆಕ್ಕಕ್ಕೆ ಬರುವುದಿಲ್ಲ. ಬರುವವರಿಗೆ ನಾಲ್ಕು ಮಾತು ಹೇಳಬೇಕೆಂದು ಕೂತಿದ್ದೇನೆ.

ನಮ್ಮ ಜಾಗ ಗೊತ್ತಿಲ್ಲದವರಿಗೆ ಒಂದಿಷ್ಟು. ಸಾಗರ ತಾಲ್ಲೂಕಿನ ಕರೂರು, ಭಾರಂಗಿ ಹೋಬಳಿ ಅಂದರೆ ಮೂರು ಕಡೆ ಶರಾವತಿ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಪೇಪರಿನವರೂ ದ್ವೀಪ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ತುಮರಿ ನಮಗೆ ಪೇಟೆ. ಸಿಗಂದೂರು ಚೌಡೇಶ್ವರಿ ಇರುವುದು ಅಲ್ಲಿಂದ ಸ್ವಲ್ಪ ದೂರದಲ್ಲಿ. ಸೇತುವೆ ಬರುವ ಮೊದಲು ಲಾಂಚ್, ಅಂದರೆ ಜನ, ವಾಹನ ಎರಡನ್ನೂ ಹೊಳೆ ದಾಟಿಸುವ ದೊಡ್ಡ ದೋಣಿ, ಸಿಕ್ಕರೆ ಸಾಗರ ಹತ್ತಿರ. ಸಿಗದಿದ್ದರೆ ನಿಟ್ಟೂರು, ಹೊಸನಗರದ ಕಡೆಯಿಂದ 80 ಕಿಲೋಮೀಟರ್ ಸುತ್ತು. ಸಂಜೆ ಕೊನೇ ಲಾಂಚ್ ಹೋಯಿತೆಂದರೆ ಅವತ್ತಿಗೆ ನಮ್ಮ ಲೋಕ ಮುಗಿದಂತೆ.

ಮೊದಲು ನೆನೆಯಬೇಕಾದವರು ಹಿರಿಯರು. ನಮ್ಮ ಸೀಮೆ ಎರಡು ಸಲ ಮುಳುಗಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ನೀರು ಒಂದು ಸಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯಿತಲ್ಲ, ಅದಕ್ಕಾಗಿ ನಿಲ್ಲಿಸಿದ ನೀರು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಎರಡನೆಯದು ಎಷ್ಟು ದೊಡ್ಡದೆಂದರೆ ಮೊದಲನೇ ಅಣೆಕಟ್ಟೆಯನ್ನೇ ಮುಳುಗಿಸಿತು. ಬೇಸಗೆಯಲ್ಲಿ ಹೊಳೆ ತೀರ ಇಳಿದರೆ ಮಡೆನೂರಿನ ಕಟ್ಟೆ ಈಗಲೂ ಮೇಲೆದ್ದು ಕಾಣುತ್ತದೆ. ಹಳೇ ರಸ್ತೆ, ಬಾವಿಕಟ್ಟೆ, ಕಪ್ಪಗಾಗಿ ನಿಂತ ಮರದ ಬೊಡ್ಡೆಗಳು ಕಾಣುತ್ತವೆ. ನಮ್ಮತ್ತೆ ಅಂಥ ವರ್ಷ ದಡಕ್ಕೆ ಹೋಗಿ, ಕೆಸರು ಒಣಗಿ ಬಿರುಕು ಬಿಟ್ಟ ಬಯಲಿನಲ್ಲಿ ಕೈ ಚಾಚಿ "ಅದು ಅಪ್ಪಯ್ಯನ ತೋಟ, ಅಲ್ಲಿ ಕಣ ಇತ್ತು, ಅದರಾಚೆ ಚೌಡಿ ಬನ" ಅಂತ ತೋರಿಸುತ್ತಿದ್ದರು. ಸರ್ವೆ ನಕ್ಷೆ ಅವರ ತಲೆಯೊಳಗೇ ಇತ್ತು.

ಮುಳುಗಿದ್ದು ಬಯಲಿನ ಗದ್ದೆ, ತೋಟ. ಅಲ್ಲಿದ್ದ ಎಷ್ಟೋ ಮನೆಗಳವರನ್ನು ಸಾಮಾನು ಸಮೇತ ಲಾರಿಗೆ ಹತ್ತಿಸಿ ಎಲ್ಲೆಲ್ಲೋ ಕಾಡಿನಲ್ಲಿ ಇಳಿಸಿದರು. ಗುಡ್ಡದ ಮೇಲಿದ್ದವರು, ಗುಡ್ಡ ಹತ್ತಿದವರು ಇಲ್ಲೇ ಉಳಿದು ನೀರಿನ ನಡುವೆ ಸಿಕ್ಕಿಕೊಂಡರು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಮ್ಮ ಮನೆಗಳಲ್ಲಿ ಮಾತ್ರ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಗತಿ. ಬೇರೆ ಕಡೆ ಹೋದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಹಾಗಾಗಿ ಯಾರಾದರೂ ಮೈಕಿನಲ್ಲಿ ಸೇತುವೆಯನ್ನು "ದ್ವೀಪದ ಜನರಿಗೆ ಕೊಡುಗೆ" ಅಂದಾಗ ನನಗೆ ಒಳಗೇ ಉರಿಯುತ್ತದೆ. 60 ವರ್ಷದ ಹಿಂದಿನ ಸಾಲ ಇದು, ಬಡ್ಡಿಯಿಲ್ಲದೆ ಸಂದಾಯವಾಗಿದೆ. ಆ ಸಾಲ ಕೊಟ್ಟವರಲ್ಲಿ ಹೆಚ್ಚಿನವರು ಸೇತುವೆ ನೋಡಲು ಉಳಿಯಲಿಲ್ಲ. ನಮ್ಮ ಮಾವನೂ ಉಳಿಯಲಿಲ್ಲ. ಅವರಿಗೆಲ್ಲ ಮೊದಲ ನಮಸ್ಕಾರ.

ಇನ್ನು ಲಾಂಚಿನವರು. ನಿಜ ಹೇಳಬೇಕೆಂದರೆ ಬರೆಯಲು ಕೂತದ್ದೇ ಇವರಿಗಾಗಿ.

ಹೊರಗಿನಿಂದ ಬಂದವರಿಗೆ ಲಾಂಚ್ ಅಂದರೆ ಮಜಾ. ಕಟಕಟೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ. ನಮ್ಮವರು ದಿನಾ ನೋಡಿದ್ದು ಬೇರೆ. ಬಸ್ಸು ಬಂದು ನಿಂತರೆ ಜನರೆಲ್ಲ ಇಳಿಯಬೇಕು. ಡ್ರೈವರ್ ಖಾಲಿ ಬಸ್ಸನ್ನು ಇಳಿಜಾರಿನಲ್ಲಿ ಹಿಡಿದು ಹಿಡಿದು ಇಳಿಸುತ್ತಾನೆ. ಲಾಂಚಿನ ಬಾಯಿಗೆ ಕಟ್ಟಿದ ಕಬ್ಬಿಣದ ಹಲಗೆಯ ಮೇಲೆ ಮುಂದಿನ ಚಕ್ರ ಕೂತಾಗ ಇಡೀ ಲಾಂಚ್ ಒಮ್ಮೆ ತಗ್ಗಿ ಮೇಲೆ ಬರುತ್ತದೆ. ಆ ಹೊತ್ತಿಗೆ ಸಿಬ್ಬಂದಿಯೊಬ್ಬರು ಬಸ್ಸಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿರುತ್ತಾರೆ: "ಬರ್ಲಿ, ಬರ್ಲಿ, ಇತ್ಲಾಗೆ, ಸಾಕು!" ಇನ್ನೊಬ್ಬರು ಬಗ್ಗಿ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಆಮೇಲೆ ಯಾವ ಕಾರು ಎಡಕ್ಕೆ, ಯಾವ ಜೀಪು ಬಲಕ್ಕೆ, ಬೈಕುಗಳು ಎಲ್ಲಿ ಅನ್ನುವ ಲೆಕ್ಕ. ಒಂದು ಬದಿಗೆ ಭಾರ ಬಿದ್ದರೆ ನಡುಹೊಳೆಯಲ್ಲಿ ಗಾಳಿ ಎದ್ದಾಗ ಕಷ್ಟ. ತೂಕದ ಯಂತ್ರವಿಲ್ಲ, ಕಣ್ಣಳತೆಯೇ. ಭಾನುವಾರ ಸಿಗಂದೂರಿಗೆ ಬರುವವರ ಕಾರುಗಳು ದಡದಿಂದ ರಸ್ತೆಯುದ್ದಕ್ಕೂ ಸಾಲು ನಿಂತಾಗ, ಆ ಬೈಗುಳ, ಹಾರ್ನು, "ನಾನು ಯಾರು ಗೊತ್ತಾ" ಎಲ್ಲ ಸಹಿಸಿಕೊಂಡು, ಹಾಲಿನ ಕ್ಯಾನು ಇಟ್ಟುಕೊಂಡ ನಮ್ಮೂರ ಹುಡುಗನನ್ನು ಗುರುತಿಸಿ ಮುಂದೆ ಬಿಡುತ್ತಿದ್ದರು.

ಬೇಸಗೆ ಬಂದರೆ ಅವರ ಕೆಲಸ ಇನ್ನೂ ಬಿಗಿ. ಲಿಂಗನಮಕ್ಕಿ ತುಂಬಿದರೆ 1,819 ಅಡಿ. ಮೇ ತಿಂಗಳ ಹೊತ್ತಿಗೆ ನೀರು ಎಲ್ಲಿಗೋ ಇಳಿದಿರುತ್ತದೆ, ದಡ ದಿನಕ್ಕಿಷ್ಟು ದೂರ ಸರಿಯುತ್ತದೆ. 2023ರ ಜೂನ್‌ನಲ್ಲಿ ಮಳೆ ತಡವಾಗಿ, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಜನ ಮಾತ್ರ ದಾಟುತ್ತಿದ್ದರು. ಅಡಿಕೆ ಔಷಧಿಯ ಮೈಲುತುತ್ತ, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು ಎಲ್ಲ ತಲೆಹೊರೆ. ಆಗ ಕೆಸರಿನಲ್ಲಿ ಮೊಣಕಾಲುದ್ದ ಇಳಿದು ಮುದುಕರ ಕೈ ಹಿಡಿದು ದಾಟಿಸುವುದು ಯಾರ ಡ್ಯೂಟಿ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಅವರು ಮಾಡಿದರು.

ರಾತ್ರಿಯ ವಿಷಯ ಹೇಳದಿದ್ದರೆ ಈ ಬರಹವೇ ದಂಡ. ಅತ್ತೆಗೆ ಎದೆನೋವು ಬಂದದ್ದು ಒಂದು ಸೋನೆ ಮಳೆಯ ರಾತ್ರಿ, ಊಟ ಮುಗಿದು ಎಷ್ಟೋ ಹೊತ್ತಾಗಿತ್ತು. ಫೋನಿಗೆ ಸಿಗ್ನಲ್ ಹುಡುಕಿಕೊಂಡು ಯಜಮಾನರು ಗುಡ್ಡ ಹತ್ತಿ ಲಾಂಚಿನವರಿಗೆ ಫೋನ್ ಮಾಡಿದರು. ಆ ಕಡೆಯಿಂದ "ಏನಾಯ್ತು, ಯಾಕೆ, ನಾಳೆ ನೋಡಣ" ಒಂದೂ ಇಲ್ಲ. "ನೀವು ಹೊರಡಿ ಮಾರಾಯ್ರೆ, ನಾವು ಎಂಜಿನ್ ಚಾಲೂ ಮಾಡಿಟ್ಟಿರ್ತೀವಿ." ಜೀಪು ಲಾಂಚ್ ಹತ್ತುವ ಹೊಳೆಬಾಗಿಲಿಗೆ ಮುಟ್ಟುವಾಗ ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ನಿಂತಿದ್ದರು. ಆಚೆ ದಡದಲ್ಲಿ ಇಳಿಯುವಾಗ ಯಜಮಾನರು ಜೇಬಿಗೆ ಕೈ ಹಾಕಿದ್ದಕ್ಕೆ ಅವರಲ್ಲೊಬ್ಬರಿಗೆ ಸಿಟ್ಟೇ ಬಂತು. "ಮೊದಲು ಅಮ್ಮನ್ನ ಕರ್ಕೊಂಡು ಹೋಗಿ." ಅತ್ತೆ ಅದಾದ ಮೇಲೂ ಮನೆಯ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ತಾವೇ ಕೆಮ್ಮಣ್ಣು ಬಳಿದು ಚಿತ್ತಾರ ಬರೆದರು. ನಮ್ಮನೆಯದು ಒಂದು ಕತೆ, ಅಷ್ಟೆ. ಹೆರಿಗೆ ನೋವು, ಹಾವು ಕಚ್ಚಿದ್ದು, ಅಡಿಕೆ ಮರದಿಂದ ಬಿದ್ದದ್ದು, ಹೀಗೆ ಪ್ರತಿ ಊರಿನಲ್ಲೂ ಇಂಥವು ಇವೆ. ಲಾಂಚಿನ ಎಂಜಿನ್ ಸದ್ದು ರಾತ್ರಿ ಕೇಳಿತೆಂದರೆ ಹತ್ತಿರದ ಮನೆಯವರು ಎದ್ದು ಕೂತು, ಯಾರಿಗೆ ಏನಾಯಿತೋ ಅಂತ ದೇವರಿಗೆ ಕೈ ಮುಗಿಯುತ್ತಿದ್ದರು. ದಾಟಲಾಗದೆ ಕಳೆದುಕೊಂಡವರೂ ನಮ್ಮಲ್ಲಿದ್ದಾರೆ. ಅದು ಲಾಂಚಿನವರ ತಪ್ಪಲ್ಲ.

ಲಾಂಚ್ ಬರುವುದಕ್ಕೂ ಮೊದಲು ದೋಣಿ ಹಾಕಿ ದಾಟಿಸಿದವರನ್ನು ನಾನು ನೋಡಿಲ್ಲ, ಕೇಳಿ ಬಲ್ಲೆ. ಅವರಿಗೂ ಸೇರಿ ಹೇಳುತ್ತಿದ್ದೇನೆ. ಸಾಗರದ ಕಡೆಯಿಂದ ಮೊದಲ ಲಾಂಚ್ ಹಿಡಿದು ಬಂದು ಪಾಠ ಮಾಡಿದ ಮೇಷ್ಟ್ರು, ಟೀಚರುಗಳಿಗೆ. ಗುಡ್ಡ ಹತ್ತಿ ಇಳಿದು ಮಂಗನ ಕಾಯಿಲೆಯ ಕಾಲದಲ್ಲಿ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರಿಗೆ. ರಾತ್ರಿ ಬಸ್ಸಿನಲ್ಲೇ ಮಲಗಿ ಬೆಳಿಗ್ಗೆ ನಮ್ಮನ್ನು ಪೇಟೆಗೆ ಮುಟ್ಟಿಸಿದ ಡ್ರೈವರು, ಕಂಡಕ್ಟರುಗಳಿಗೆ. ಈ ಕಂಡಕ್ಟರುಗಳು ನಮ್ಮ ಕೊರಿಯರ್ ಆಫೀಸೂ ಹೌದು. ಮಾತ್ರೆ ಚೀಟಿ ಕೊಟ್ಟು ಕಳಿಸಿದರೆ ಸಂಜೆ ಚಿಲ್ಲರೆ ಸಮೇತ ಮಾತ್ರೆ ಬರುತ್ತಿತ್ತು. ಇನ್ನು, ದ್ವೀಪಕ್ಕೆ ಹೆಣ್ಣು ಕೊಡುವುದಿಲ್ಲ ಅಂತ ಊರೆಲ್ಲ ಹೇಳುತ್ತಿದ್ದ ಕಾಲದಲ್ಲಿ ನನ್ನನ್ನು ಇಲ್ಲಿಗೆ ಕೊಟ್ಟ ನನ್ನ ತಂದೆಗೆ ಧನ್ಯವಾದ ಹೇಳಬೇಕೋ ಬೇಡವೋ, ಅದು ನಮ್ಮೊಳಗಿನ ಮಾತು.

ಸೇತುವೆಗಾಗಿ ಕೂಗಿದವರಿದ್ದಾರೆ. ಅರ್ಜಿ ಬರೆದು, ಪಾದಯಾತ್ರೆ ಮಾಡಿ, ಪ್ರತಿ ಚುನಾವಣೆಯಲ್ಲೂ ಅದೇ ಭರವಸೆ ಕೇಳಿ, ಮತ್ತೆ ಅರ್ಜಿ ಬರೆದವರು. ಅವರಲ್ಲಿ ಎಲ್ಲ ಪಕ್ಷದವರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. 2018ರಲ್ಲಿ ಶಂಕುಸ್ಥಾಪನೆಯಾದಾಗಲೂ ನಮ್ಮಲ್ಲಿ ಅರ್ಧ ಜನ ನಂಬಿರಲಿಲ್ಲ. ಈಗ ಒಂದು ಒಗರು ಮಾತು: ಸೇತುವೆ ಬಂದದ್ದು ನಮ್ಮ ರಾತ್ರಿಗಳಿಗಾಗಿ ಅಲ್ಲ, ಭಾನುವಾರದ ಭಕ್ತರ ಸಾಲಿಗಾಗಿ ಅಂತ ನನ್ನ ಅಂದಾಜು. ಇರಲಿ. ದೇವಿಯ ಮೂಲಸ್ಥಾನವೂ ಮುಳುಗಡೆಯಲ್ಲಿ ಹೋದದ್ದೇ ಅಂತಾರೆ. ಆಯಮ್ಮನೂ ಮುಳುಗಡೆ ಸಂತ್ರಸ್ತೆ. ತನ್ನ ಜೊತೆ ನಮ್ಮನ್ನೂ ದಡ ಮುಟ್ಟಿಸಿದಳು. ಹಾಗಾಗಿ ಹಾರ್ನ್ ಹೊಡೆದು ತಲೆ ಕೆಡಿಸಿದ ಭಕ್ತರಿಗೂ ಒಂದು ಥ್ಯಾಂಕ್ಸ್ ಬರೆದುಬಿಡುತ್ತೇನೆ. ತಿಂಡಿ ತಿಂದ ಪ್ಲಾಸ್ಟಿಕ್ ಪೊಟ್ಟಣ ಸೇತುವೆ ಮೇಲಿಂದ ಹೊಳೆಗೆ ಎಸೆಯುವುದನ್ನು ಬಿಟ್ಟರೆ ಇನ್ನೊಂದು ಬರೆಯುತ್ತೇನೆ.

ಕಟ್ಟಿದವರನ್ನು ಮರೆಯಬಾರದು. ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡು, ನಮ್ಮ ಮಳೆ, ರಕ್ತ ಹೀರುವ ನಮ್ಮ ಉಂಬಳ ಎರಡನ್ನೂ ತಡೆದುಕೊಂಡು ನಡುಹೊಳೆಯಲ್ಲಿ ಕಂಬ ಎಬ್ಬಿಸಿದ ಉತ್ತರದ ಕಡೆಯ ಹುಡುಗರು. ಭಾಷೆ ಬಾರದಿದ್ದರೂ ಲಾಂಚಿನಲ್ಲಿ ಎದುರಾದಾಗ ನಗುತ್ತಿದ್ದರು. ಉದ್ಘಾಟನೆ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಬೇರೆ ಊರಿನ ಬೇರೆ ಸೇತುವೆಗೆ ಹೋಗಿಯಾಗಿತ್ತು.

ಈಗ ಕೇಳಬೇಕಾದ್ದನ್ನೂ ಕೇಳಿಬಿಡುತ್ತೇನೆ. ಹೊಳೆಬಾಗಿಲಿನ ಲಾಂಚ್ ಸಿಬ್ಬಂದಿಯಲ್ಲಿ ಗುತ್ತಿಗೆ ಮೇಲೆ ದುಡಿದವರಿದ್ದಾರೆ. ಸೇತುವೆ ಬಂದು ನಮ್ಮ ಬವಣೆ ತಪ್ಪಿತು, ಅವರ ಅನ್ನಕ್ಕೆ ಕಲ್ಲು ಬೀಳಬಾರದು. ನಮ್ಮ ಸೇತುವೆ ಉದ್ಘಾಟನೆಯಾದಾಗ ಇದೇ ಹಿನ್ನೀರಿನ ಹಸಿರುಮಕ್ಕಿಯಲ್ಲಿ ಸೇತುವೆ ಕೆಲಸ ಮುಗಿದಿರಲಿಲ್ಲ, ಆ ಕಡೆಯವರಿಗೆ ಆಗಲೂ ಲಾಂಚೇ ಗತಿಯಾಗಿತ್ತು. ಹೊಳೆಯ ಗಾಳಿ, ಆಳ, ಸುಳಿ ಬಲ್ಲ ಕೈಗಳಿಗೆ ಅಲ್ಲೋ, ಇಲಾಖೆಯ ಬೇರೆಲ್ಲೋ ಕಾಯಂ ಕೆಲಸ ಕೊಡಿ. ಫ್ಲೆಕ್ಸಿನಲ್ಲಿ ಫೋಟೋ ಇರುವವರಿಗೆ ಇದೊಂದೇ ಅರಿಕೆ.

ಲಾಂಚಿನ ಅಣ್ಣಂದಿರೇ, ದೀಪಾವಳಿ ಮುಗಿದು ಗದ್ದೆ ಕೊಯ್ಲಾದ ಮೇಲೆ ನಮ್ಮ ಕೇರಿಯವರೆಲ್ಲ ಸೇರಿ ಹೊಸ ಅಕ್ಕಿಯ ಊಟ ಇಟ್ಟುಕೊಂಡಿದ್ದೇವೆ. ಶಾಲು, ಹಾರ, ಭಾಷಣ ಯಾವುದೂ ಇಲ್ಲ. ಕೋಳಿ ಸಾರು, ಕಡುಬು, ತಿನ್ನದವರಿಗೆ ಕಳಲೆ ಪಲ್ಯ. ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಬನ್ನಿ, ನಿಮ್ಮ ಕಡೆಗೆ ಜೀಪು ಕಳಿಸುತ್ತೇವೆ. ಊಟ ಮುಗಿಸಿ ನಿಧಾನಕ್ಕೆ ಹೊರಡಬಹುದು, ಈಗ ಕೊನೇ ಲಾಂಚಿನ ಗಡಿಬಿಡಿ ನಿಮಗೂ ಇಲ್ಲವಲ್ಲ.